ಇವರು ಬದುಕಿದ್ದಾರೆ, ಫೋನ್ ಮಾಡಿ ನೋಡಿ

ಎಬೊ ಕ್ವಾನ್ಸಾ ಎಂಬ ಹೆಸರು ಎಕುವಾ ಬೋಟ್ವೆಯ ಕಿವಿಗೆ ಮೊದಲು ಬಿದ್ದದ್ದೇ ಅವನು ಸತ್ತ ಸುದ್ದಿಯ ಜೊತೆಗೆ.

ಅವತ್ತು ಮಂಗಳವಾರ, ದೋಣಿಗಳು ಕಡಲಿಗಿಳಿಯದ ದಿನ. ಸಾಲ್ಟ್‌ಪಾಂಡಿನ ಗಂಡಸರೆಲ್ಲ ಮರಳಿನ ಮೇಲೆ ಕಾಲು ಚಾಚಿ ಬಲೆ ಹೊಲಿಯುತ್ತಿದ್ದರು. ಎಕುವಾ ತನ್ನ ಮಣ್ಣಿನ ಒಲೆಯ ಮುಂದೆ ಕೂತು, ಹಿಂದಿನ ದಿನ ಕೊಂಡ ಮೀನನ್ನು ತಂತಿಯ ಜಾಲರಿಯ ಮೇಲೆ ಸಾಲಾಗಿ ಮಲಗಿಸಿ ಹೊಗೆ ಹಾಕುತ್ತಿದ್ದಳು. ಕೆಂಕಿ ಎಂಬ ಜೋಳದ ಕಡುಬು ಮಾರುವ ಅಡ್ವೊವಾ ಹಿಟ್ಟಿನ ಕೈಯಲ್ಲೇ ಫೋನು ಎತ್ತಿ ಹಿಡಿದುಕೊಂಡು ಓಡಿಬಂದಳು.

"ಅಕ್ಕಾ, ನೋಡಿದ್ಯಾ? ಎಗ್ಯಾ ಅಮಿಸ್ಸಾ ಅವರ ಅಕ್ಕನ ಮಗ ಹೋಗ್ಬಿಟ್ನಂತೆ!"

"ಯಾವನೇ ಅದು?"

"ಎಬೊ ಕ್ವಾನ್ಸಾ ಅಂತ. ಅಕ್ರಾದಲ್ಲಿದ್ದೋನು. ಈಚೆಗೆ ಬಂದು ಗುಡ್ಡದ ಮೇಲೆ ಸಂಸಾರ ಹೂಡಿದ್ನಂತೆ. ತೊಂಬತ್ತೆಂಟರಲ್ಲಿ ಹುಟ್ಟಿದ್ದಂತೆ. ಅಷ್ಟರಲ್ಲೇ ಬೊಕ್ಕತಲೆ ಆಗಿತ್ತು ನೋಡು, ಪಾಪ."

ಎಕುವಾಗೆ ಅಕ್ಷರ ಬಾರದು. ಆದರೆ ಆ ಚಿತ್ರ ಓದಲು ಅಕ್ಷರ ಯಾಕೆ ಬೇಕು? ಊರಿನ ಗೋಡೆ, ದೀಪದ ಕಂಬ, ಟ್ರೋಟ್ರೋ ವ್ಯಾನುಗಳ ಹಿಂದಿನ ಗಾಜು, ಎಲ್ಲ ಕಡೆಯೂ ಅಂಟಿಸಿರುವುದು ಅದನ್ನೇ. ಸುತ್ತ ಕೆಂಪು ಕಪ್ಪು ಅಂಚು. ನಡುವೆ ಮೊಟ್ಟೆಯಾಕಾರದಲ್ಲಿ ಹಲ್ಲು ಬಿಟ್ಟು ನಗುವ ಮುಖ, ಹೆಗಲ ಮೇಲೆ ಒಳ್ಳೆಯ ಬಟ್ಟೆ. ಕೆಳಗೆ ದಪ್ಪಕ್ಷರದ ಹೆಸರು, ಒಂದು ಇಸವಿ, ಒಂದು ಗೀಟು. ಅದರ ಕೆಳಗೆ ಅಳುವವರ ಹೆಸರುಗಳ ಸಾಲು. ಸಾವಿನ ಪೋಸ್ಟರು ಫೋನಿಗೂ ಬಂದಿದೆ ಎಂದುಕೊಂಡಳು, ಅಷ್ಟೆ.

ಅಮಿಸ್ಸಾ ತನ್ನ ಗಂಡನ ಮಣ್ಣಿಗೆ ಬಂದಿದ್ದವನು. ಅದೂ ಅಲ್ಲದೆ ಆ ಊರಲ್ಲಿ ಯಾರು ಸತ್ತರೂ ಮೊದಲ ಕೂಗು ಎಕುವಾಳದೇ ಆಗಬೇಕು, ಅಂಥ ಗಂಟಲು ಅವಳದು. ಒಲೆಯನ್ನು ಹಾಗೇ ಬಿಟ್ಟು, ಪೆಟ್ಟಿಗೆಯಿಂದ ಸಾವಿನ ಮನೆಗೆ ಉಡುವ ಕೆಂಪು ಬಟ್ಟೆ ತೆಗೆದು ಸುತ್ತಿಕೊಂಡು ಹೊರಟಳು.

ಗುಡ್ಡ ಹತ್ತುವಷ್ಟರಲ್ಲಿ ಹಿಂದೆ ಹೆಂಗಸರ ಒಂದು ಸಾಲೇ ಕೂಡಿಕೊಂಡಿತ್ತು. ಹಳೇ ಮೆಥಡಿಸ್ಟ್ ಶಾಲೆಯ ಹಿಂದಿನ ಆ ಮನೆಯ ಅಂಗಳದಲ್ಲಿ ಎಗ್ಯಾ ಅಮಿಸ್ಸಾ ಆಗಲೇ ಬಂದು ಕೂತಿದ್ದ. ಅವನು ಆ ಕುಲದ ಹಿರಿಯ. ಕಪ್ಪು ಬಟ್ಟೆ ಹೊದ್ದು, ಊರುಗೋಲಿನ ಮೇಲೆ ಗದ್ದವಿಟ್ಟು ಸಿಡುಕುತ್ತಿದ್ದ.

"ಹಿರಿಯನಿಗೆ ಒಂದು ಮಾತು ತಿಳಿಸದೆ ಸಾಯೋದು ಅಂದ್ರೇನು? ಮೊದಲು ನನ್ನ ಮುಂದೆ ಹೆಂಡದ ಬಾಟ್ಲು ತಂದಿಟ್ಟು ಸುದ್ದಿ ಹೇಳ್ಬೇಕೋ ಬೇಡ್ವೋ? ನಾನು ಊರೋರ ಫೋನಲ್ಲಿ ನೋಡ್ಬೇಕಾ?"

ಎಕುವಾ ಅಂಗಳದ ನಡುವೆ ನಿಂತು, ಎರಡೂ ಕೈ ತಲೆಯ ಮೇಲಿಟ್ಟು, ಮೊದಲ ಕೂಗು ಎತ್ತಿದಳು. ಮಾವಿನ ಮರದಲ್ಲಿದ್ದ ಕಾಗೆಗಳು ಎದ್ದುಹೋದವು. ಆಗ ಒಳಗಿನಿಂದ ಒಬ್ಬ ಮನುಷ್ಯ, ಬೆರಳಿಗೆಲ್ಲ ಹುರುಳಿ ಪಲ್ಯ ಮೆತ್ತಿಕೊಂಡು, ತುತ್ತು ನುಂಗುತ್ತಲೇ ಹೊರಗೆ ಬಂದ.

"ಅಯ್ಯೋ, ಯಾರು ಹೋದ್ರು?"

ಅದೇ ಬೊಕ್ಕತಲೆ. ಅದೇ ಹಲ್ಲು. ಕೂಗು ಎಕುವಾಳ ಗಂಟಲಲ್ಲೇ ಮುರಿಯಿತು. ಹೆಂಗಸರು ಚೆಲ್ಲಾಪಿಲ್ಲಿಯಾದರು. ಅಡ್ವೊವಾ ಹಾರಿ ಗೋಡೆಯ ಆಚೆ ಬಿದ್ದಳು. ಅವಳನ್ನು ಎಬ್ಬಿಸಿ, ಮಂಡಿಯ ಮರಳು ಕೊಡವಿ ತಂದು ಕೂರಿಸಿದ್ದು ಆ ಸತ್ತವನೇ.

ಮನೆಗೆ ಬಂದವರು ಬಂದವರೇ ಅಲ್ಲವೇ? ಎಬೊ ಕೈ ತೊಳೆದುಕೊಂಡು, ಹೆಂಡತಿ ಅರಾಬಾಗೆ ನೀರು ತರಲು ಹೇಳಿದ. ಆ ಸೀಮೆಯಲ್ಲಿ ಮೊದಲು ಮನೆಯವರ ಕೈಯಿಂದ ನೀರು, ಆಮೇಲೆ ಬಂದ ಕಾರಣ. ಎಲ್ಲರೂ ಗುಟುಕರಿಸಿದರು. ಅವನು ಬಟ್ಟೆ ಸರಿಮಾಡಿಕೊಂಡು ಕೂತು, ಪದ್ಧತಿಯಂತೆ ಕೇಳಿದ:

"ನಮ್ಮ ಕಡೆ ಎಲ್ಲಾ ತಣ್ಣಗಿದೆ. ನೀವು ಬಂದ ಕಾರಣ ಹೇಳಿ."

ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ಕೊನೆಗೆ ಅಡ್ವೊವಾ ಮಂಡಿ ತಿಕ್ಕುತ್ತ, "ನೀವು ಸತ್ತಿದ್ರಿ ಅಂತ... ಒಂದ್ಸಲ ನೋಡ್ಕೊಂಡು ಹೋಗೋಣ ಅಂತ..." ಎಂದಳು.

ಫೋನು ಅವನ ಕೈಗೆ ಹೋಯಿತು. ನೋಡುತ್ತ ನೋಡುತ್ತ ಅವನ ಭುಜ ಕುಣಿಯತೊಡಗಿತು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಸಂಗತಿ ಇಷ್ಟೇ. ಎಬೊ ಅಕ್ರಾದ ಒಂದು ವಿಮೆ ಕಂಪನಿಯಲ್ಲಿ ಬಹಳ ವರ್ಷ ದುಡಿದವನು. ಜನಕ್ಕೆ ಒಗ್ಗಲಿ ಒಗ್ಗದಿರಲಿ, ಆ ಕಂಪನಿಯ ಪಾಲಿಸಿಯನ್ನೇ ಕಟ್ಟಬೇಕು. ಅದು ಸಾಕಾಗಿ ಬಿಟ್ಟುಬಂದ. ಈಗ ತನ್ನದೇ ಲೈಸೆನ್ಸು, ಹಲವು ಕಂಪನಿಗಳ ಪಾಲಿಸಿ, ಯಾರಿಗೆ ಯಾವುದು ಹೊಂದುತ್ತೋ ಅದು. ಬಾಗಿಲು ಬಾಗಿಲು ಬಡಿದು ಬೇಸತ್ತಿದ್ದವನಿಗೆ, ಇನ್ನು ಜನ ತಾವಾಗಿ ತನ್ನನ್ನು ಹುಡುಕಿಕೊಂಡು ಬರಲಿ ಎಂಬ ಆಸೆ. ಅದಕ್ಕೊಂದು ವೆಬ್‌ಸೈಟು ಬೇಕಿತ್ತು. ಊರಲ್ಲಿ ಕಂಪ್ಯೂಟರ್ ಬಲ್ಲವನೆಂದರೆ ಪೋಸ್ಟರ್ ಫಿಫಿ ಒಬ್ಬನೇ. ಫಿಫಿ ಹುಟ್ಟಿದಾಗಿನಿಂದ ಮಾಡಿದ್ದು ಸಾವಿನ ಪೋಸ್ಟರು.

ಫಿಫಿಯನ್ನು ಕರೆಸಿದರು. ಅವನೇನೂ ತಲೆ ತಗ್ಗಿಸಲಿಲ್ಲ.

"ಜನ ನಿಂತು ಓದ್ಬೇಕು ಹಾಗ್ಮಾಡು ಅಂದಿದ್ದು ನೀವೇ ತಾನೇ? ಈ ಊರಲ್ಲಿ ಜನ ನಿಂತು ಓದೋದು ಇದೊಂದನ್ನೇ."

"ಈ ಇಸವಿ?"

"ನೀವು ಕೆಲಸ ಶುರು ಮಾಡಿದ್ದು. ಇನ್ನೂ ಮುಗಿದಿಲ್ಲ ಅಂತ ಗೀಟು ಎಳೆದೆ."

"ಕೆಳಗೆ ಅಳೋರ ಜಾಗದಲ್ಲಿ ಕಂಪನಿಗಳ ಹೆಸರು ಹಾಕಿದ್ದೀಯಲ್ಲೋ?"

"ವಿಮೆ ಕಂಪನಿ ಯಾರಾದ್ರೂ ಸತ್ರೆ ಅಳತ್ತಾ?" ಎಂದು ಅಡ್ವೊವಾ ನಡುವೆ ಬಾಯಿ ಹಾಕಿದಳು.

"ಅಳತ್ತೆ ತಾಯಿ. ದುಡ್ಡು ಕೊಡೋವಾಗ," ಎಂದ ಎಬೊ.

ಎಲ್ಲರೂ ನಕ್ಕರು, ಎಕುವಾ ಒಬ್ಬಳ ಹೊರತು. ಅವಳ ಒಲೆಯ ಮೇಲೆ ಮೀನು ಸೀಯುತ್ತಿತ್ತು. ಕೆಂಪು ಬಟ್ಟೆಗೆ ಗುಡ್ಡದ ಧೂಳು ಮೆತ್ತಿತ್ತು. ಗಂಟಲು ದಂಡವಾಗಿತ್ತು. ಎದ್ದು ನಿಂತು ಬೈಯಲು ಶುರುಮಾಡಿದಳು. ಅವನನ್ನು, ಅವನ ಹಲ್ಲನ್ನು, ಫಿಫಿಯ ಕೈಯನ್ನು, ಒಂದನ್ನೂ ಬಿಡಲಿಲ್ಲ. ಬೈಯುತ್ತ ಬೈಯುತ್ತ ಮಾತು ತನ್ನಷ್ಟಕ್ಕೆ ತಾನೇ ಹಳೆಯ ಗಾಯದ ಕಡೆ ಹೊರಳಿತು.

"ವಿಮೆಯಂತೆ! ನೀನು ನಿಜವಾಗ್ಲೂ ಸತ್ತಿದ್ರೆ ಆ ದುಡ್ಡು ಯಾರ ಕೈಗಪ್ಪಾ? ನೀರು ಕೊಟ್ಟಳಲ್ಲ, ಈ ಹೆಣ್ಣುಮಗಳ ಕೈಗಾ? ಇಲ್ಲಾ ಇಲ್ಲಿ ಗದ್ದ ಊರ್ಕೊಂಡು ಕೂತಿದ್ದಾರಲ್ಲ, ಇವರ ಕೈಗಾ? ಅದನ್ನ ಹೇಳು ಮೊದ್ಲು!"

ಅಮಿಸ್ಸಾನ ಊರುಗೋಲು ನೆಲ ಕುಟ್ಟಿತು. ಯಾಕೆಂದರೆ ಅಲ್ಲಿ ನಡೆಯುವುದು ಅಳಿಯಕಟ್ಟು. ಗಂಡಸು ಸತ್ತರೆ ಅವನದೆಲ್ಲ ಅಕ್ಕತಂಗಿಯರ ಮಕ್ಕಳಿಗೆ, ತಾಯಿಯ ಕುಲಕ್ಕೆ. ಎಕುವಾಳ ಗಂಡ ಸತ್ತಾಗ ಅವನ ಅಳಿಯಂದಿರು ಬಂದು ಬಲೆ, ದೋಣಿಯ ಮೋಟಾರು, ಕೊನೆಗೆ ಅವಳು ಮೀನು ತೊಳೆಯುತ್ತಿದ್ದ ದೊಡ್ಡ ಬೋಗುಣಿಯನ್ನೂ ಹೊತ್ತುಕೊಂಡು ಹೋಗಿದ್ದರು. ಬೋಗುಣಿಯ ಅಂಚಿನಲ್ಲಿ ನೀಲಿ ಹೂವಿತ್ತು. ಹೊತ್ತೊಯ್ದವನು ಅದನ್ನು ಬಿಸಿಲಿಗೆ ಟೋಪಿಯಂತೆ ತಲೆಯ ಮೇಲೆ ಕವುಚಿಕೊಂಡು ಹೋಗಿದ್ದು ಅವಳ ಕಣ್ಣಿಗೆ ಇನ್ನೂ ಕಟ್ಟಿದಂತಿತ್ತು.

ಎಬೊ ಅವಳನ್ನೇ ನೋಡುತ್ತಿದ್ದ. ಈಗ ಅವನು ನಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಒಲೆಯ ಹತ್ತಿರ ಬಂದ. ಬರುವಾಗ ಸೀದ ಮೀನಿಗೆ ಬದಲು ಒಂದು ಬುಟ್ಟಿ ಹಸಿ ಮೀನು ತಂದಿದ್ದ.

"ಮಾಮೆ ಎಕುವಾ, ನಿನ್ನೆ ಕೇಳಿದ್ಯಲ್ಲ, ಆ ಪ್ರಶ್ನೇನ ನನ್ನ ವೆಬ್‌ಸೈಟಲ್ಲಿ ಕೇಳ್ತೀಯಾ?"

"ನಂಗೆ ಓದೋಕೆ ಬರಲ್ಲ ಕಣಪ್ಪ."

"ಓದೋದು ಯಾಕೆ? ಬೈದ್ರೆ ಸಾಕು. ನಾನು ಉತ್ತರ ಕೊಡ್ತೀನಿ. ನನ್ನ ಗಿರಾಕಿಗಳಲ್ಲಿ ಓದಕ್ಕೆ ಬರೋರು ಎಷ್ಟು ಜನ? ಬಂದ್ರೂ ಇಂಥದ್ದನ್ನ ಓದ್ತಾರಾ? ನಿನ್ನ ಬೈಗುಳ ಆದ್ರೆ ಎಲ್ರೂ ಕೇಳ್ತಾರೆ."

ಅವಳು ಬೇಡವೆಂದಳು. ಅವನು ಕೂತೇ ಇದ್ದ. ಸುಮ್ಮನೆ ಕೂರಲೂ ಇಲ್ಲ, ಜಾಲರಿಯ ಮೇಲೆ ಮೀನು ಮಗುಚುತ್ತ ಕೂತ, ಅದೂ ಬಾಲ ಮುರಿಯದಂತೆ. ಕೊನೆಗೆ ಎಕುವಾ, "ಹಾಗಾದ್ರೆ ನೀನು ದುಡ್ಡು ಕೊಡದೆ ಇರೋದು ಯಾವಾಗ್ಯಾವಾಗ, ಅದನ್ನ ಮೊದ್ಲು ಹೇಳ್ಬೇಕು. ಕೊಡೋ ಮಾತು ಆಮೇಲೆ. ಒಪ್ಪಿದ್ರೆ ಬೈತೀನಿ," ಎಂದಳು.

"ಒಪ್ಪಿದೆ."

ಒಲೆಯ ಮೇಲಿನ ತೆಂಗಿನ ಗರಿಯ ಚಪ್ಪರದಡಿಯಲ್ಲೇ ಫಿಫಿ ಫೋನಿನಲ್ಲಿ ಅವಳ ದನಿ ಹಿಡಿದ. ಹಿಂದೆ ಅಲೆಗಳ ಸದ್ದು, ಕೋಳಿಯ ಸದ್ದು, ಎಲ್ಲ ಹಾಗೇ ಉಳಿದವು. ಎಕುವಾ ತಾಯಾಣೆ ಹಾಕಿಸಿ ಕೇಳಿದಳು. ಎಬೊ ಊರಿನ ಮಾತಿನಲ್ಲೇ ಹೇಳಿದ. ಕಂತು ತಪ್ಪಿಸಿದರೆ ಕೊಡಲ್ಲ. ಇರುವ ಕಾಯಿಲೆ ಮುಚ್ಚಿಟ್ಟು ಬರೆಸಿದರೆ ಕೊಡಲ್ಲ. ಪಾಲಿಸಿಯಲ್ಲಿ ಯಾರ ಹೆಸರು ಬರೆಸಿದ್ದೀರೋ ಅವರ ಕೈಗೆ ಹೋಗುತ್ತೆ, ಹೆಂಡತಿಯ ಹೆಸರು ಬರೆಸಿದರೆ ಹೆಂಡತಿಗೆ, ಮಗಳ ಹೆಸರು ಬರೆಸಿದರೆ ಮಗಳಿಗೆ. "ಬೋಗುಣಿ ಹೊತ್ಕೊಂಡು ಹೋಗೋಕೆ ಬಂದೋರು?" ಎಂದು ಎಕುವಾ ಕೇಳಿದ್ದಳು. "ಅವರಿಗೆ ನೀರು ಕೊಟ್ಟು ಕಳಿಸಿ," ಎಂದಿದ್ದ ಅವನು.

ಚಿತ್ರವನ್ನು ಎಬೊ ಬದಲಿಸಲಿಲ್ಲ. ಕೆಂಪು ಕಪ್ಪು ಅಂಚನ್ನೂ ತೆಗೆಸಲಿಲ್ಲ. ಮೇಲೆ ಒಂದೇ ಸಾಲು ಸೇರಿಸಿದ: ಇವರು ಬದುಕಿದ್ದಾರೆ, ಫೋನ್ ಮಾಡಿ ನೋಡಿ.

ಜನ ಮಾಡಿ ನೋಡಿದರು. ಮೊದಮೊದಲು ಎಲ್ಲ ತಮಾಷೆಗೆ. "ಸ್ವರ್ಗದಲ್ಲಿ ಕೆಂಕಿ ಸಿಗತ್ತಾ?" ಎಂದು ಟಾಕೋರಾಡಿಯಿಂದ ಯಾರೋ ಕೇಳುವರು. "ಸಿಗತ್ತೆ, ಖಾರ ಕಡಿಮೆ. ನೀವೇನು ಕೆಲಸ ಮಾಡ್ತೀರಿ?" ಎಂದು ಇವನು ಮಾತು ಹಿಡಿಯುವನು. ಎಕುವಾಳ ಬೈಗುಳ ಫೋನಿನಿಂದ ಫೋನಿಗೆ ಹಾರಿ ಲಂಡನ್ನಿನಲ್ಲಿದ್ದ ಊರವರಿಗೂ ಮುಟ್ಟಿತು. ನಗಲು ಒತ್ತಿದವರು ಉತ್ತರವನ್ನೂ ಕೇಳಿದರು. ಮೀನುಗಾರರ ಹೆಂಡಂದಿರು ಗುಡ್ಡ ಹತ್ತಿದರು. ಮಾಂಕೆಸಿಮ್ ಸಂತೆಯ ವ್ಯಾಪಾರಗಿತ್ತಿಯರು ಗಂಡಂದಿರನ್ನು ತೋಳು ಹಿಡಿದು ಎಳೆದುಕೊಂಡು ಬಂದರು.

ಬಂದವರಿಗೆಲ್ಲ ಎಬೊ ಪಾಲಿಸಿ ಮಾಡಿಸುತ್ತಿದ್ದ ಎಂದಲ್ಲ. ಒಬ್ಬ ಟ್ಯಾಕ್ಸಿಯವನಿಗೆ, "ಮೊದ್ಲು ಬ್ರೇಕು ರಿಪೇರಿ ಮಾಡ್ಸು, ಆಮೇಲೆ ಬಾ," ಎಂದು ವಾಪಸ್ಸು ಕಳಿಸಿದ್ದನ್ನು ಎಕುವಾ ತಾನೇ ಕಂಡಿದ್ದಳು. ಒಬ್ಬ ಮೀನುಗಾರ ಕಡಲಲ್ಲಿ ತೀರಿಹೋದಾಗ, ಅವನ ಹೆಂಡತಿಯ ಜೊತೆ ಅಕ್ರಾಕ್ಕೆ ಹೋಗಿ ಕಂಪನಿಯ ಆಫೀಸಿನ ಬೆಂಚಿನ ಮೇಲೆ ಮರಗೆಣಸಿನ ಗಾರಿ, ಒಣಮೀನಿನ ಬಟ್ಟಲು ಬಿಚ್ಚಿ ಊಟ ಮಾಡುತ್ತ ಕೂತ. ದುಡ್ಡು ಕೈಗೆ ಬರುವವರೆಗೆ ದಿನವೂ ಹೋಗಿ ಕೂತ. ಒಣಮೀನಿನ ವಾಸನೆಗೇ ಹೆದರಿ ಕೊಟ್ಟರು ಎಂದು ಆಮೇಲೆ ಹೇಳಿಕೊಂಡು ನಗುತ್ತಿದ್ದ. ಇಗರ್ಜಿಯಲ್ಲಿ ಹಾಡು ನಡೆಯುವಾಗ ಫೋನು ಬಂದರೂ ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದ. "ಸತ್ತೋನು ಫೋನು ಎತ್ತಲಿಲ್ಲ ಅಂದ್ರೆ ಜನ ನಂಬಿಬಿಡ್ತಾರೆ ಪಾದ್ರಿಗಳೇ," ಎಂದದ್ದಕ್ಕೆ ಪಾದ್ರಿಯೂ ಸುಮ್ಮನಾದರು.

ಸುಮ್ಮನಾಗದವನು ಎಗ್ಯಾ ಅಮಿಸ್ಸಾ. ಎಬೊನನ್ನು ಕರೆಸಿ, ಎಕುವಾಳನ್ನೂ ಕರೆಸಿ, ಕುಲದ ಮನೆಯ ಜಗಲಿಯಲ್ಲಿ ನಿಲ್ಲಿಸಿ ಕೇಳಿದ.

"ಹೆಂಡತಿ ಹೆಸರು ಬರೆಸಿ, ಮಗಳ ಹೆಸರು ಬರೆಸಿ ಅಂತ ಊರಿಗೆಲ್ಲ ಕೂಗಿಸ್ತಿದ್ದೀಯಲ್ಲ, ನಿನ್ನ ಬೆಳೆಸಿದ್ದು ಯಾರು? ನಿನ್ನಪ್ಪನಾ? ನಿನ್ನಮ್ಮನ ಕುಲ! ಈ ಹೆಂಗಸಿನ ಗಂಟಲು ನಿಲ್ಸು. ಈಸ್ಟರಿಗೆ ಕುಲದ ಸಭೆ ಸೇರೋ ಹೊತ್ತಿಗೆ ಅದು ಹೋಗಿರ್ಬೇಕು. ಇಲ್ದಿದ್ರೆ ನೀನು ನಿಜವಾಗಿ ಸತ್ತ ದಿನ ಈ ಕುಲದ ಒಂದು ಕೈಯೂ ನಿನ್ನ ಮಣ್ಣಿಗೆ ಬರಲ್ಲ."

ಅದಕ್ಕಿಂತ ದೊಡ್ಡ ಮಾತು ಆ ಸೀಮೆಯಲ್ಲಿಲ್ಲ. ಕುಲ ಮುಟ್ಟದ ಹೆಣವೆಂದರೆ ದಾರಿಯಲ್ಲಿ ಬಿದ್ದ ಹೆಣ. ಹೆಂಡತಿ ಮಕ್ಕಳು ಎಷ್ಟು ಅತ್ತರೂ ಮಣ್ಣು ಮಾಡುವ ಹಕ್ಕು ಅವರದಲ್ಲ. ಎಬೊನ ಮುಖ ಬೂದಿಯಂತಾದದ್ದನ್ನು ಎಕುವಾ ನೋಡಿದಳು.

"ವೋಫಾ," ಎಂದ ಅವನು, ಸೋದರಮಾವನನ್ನು ಅವರು ಕರೆಯುವುದು ಹಾಗೆ. "ನಾನು ಹೇಳಿದ್ರಲ್ಲಿ ಸುಳ್ಳಿದ್ರೆ ತೋರ್ಸಿ, ಇವತ್ತೇ ತೆಗೆಸ್ತೀನಿ."

"ಸುಳ್ಳು ಅಂದ್ನಾ ನಾನು?"

"ಹಾಗಾದ್ರೆ ಹೇಗೆ ತೆಗೀಲಿ?"

ಜಗಲಿ ಇಳಿದು ಬರುವಾಗ ಎಕುವಾಳೇ ಅವನ ತೋಳು ಹಿಡಿದು ನಿಲ್ಲಿಸಿದಳು. "ತೆಗ್ಸಿಬಿಡಪ್ಪ. ನನ್ನ ಬೈಗುಳ ಏನು ದೊಡ್ಡದು? ಇನ್ನೊಬ್ರ ಕೈಲಿ ಬೈಸು, ಮೆತ್ತಗೆ ಬೈಯೋರನ್ನ ನೋಡಿ."

"ಮೆತ್ತಗೆ ಬೈದ್ರೆ ಯಾರು ಕೇಳ್ತಾರೆ ಮಾಮೆ?" ಎಂದ. ಆದರೆ ಆ ವಾರವೆಲ್ಲ ಊಟ ಸೇರಲಿಲ್ಲ ಎಂದು ಅರಾಬಾ ಹೇಳಿದಳು. ಹೊತ್ತಲ್ಲದ ಹೊತ್ತಿನಲ್ಲಿ ತಾಯಿಯ ಗೋರಿಯ ಹತ್ತಿರ ಹೋಗಿ ಹುಲ್ಲು ಕೀಳುತ್ತಿದ್ದನಂತೆ. ತನ್ನ ಜಾಗ ಅಮ್ಮನ ಪಕ್ಕದಲ್ಲಿ ಎಂದು ಚಿಕ್ಕಂದಿನಿಂದ ಅಂದುಕೊಂಡಿದ್ದವನು.

ಈಸ್ಟರು ಹತ್ತಿರ ಬಂತು. ಒಂದು ಮಧ್ಯಾಹ್ನ ಎಬೊ ಎಕುವಾಳ ಚಪ್ಪರದಲ್ಲಿ ಕೂತು ಮೀನಿನ ಮುಳ್ಳು ಬಿಡಿಸುತ್ತಿದ್ದ. ಫೋನು ಬಂತು. ಕೈಯೆಲ್ಲ ಎಣ್ಣೆ, ಅದಕ್ಕೆ ಎಕುವಾಳೇ ಗುಂಡಿ ಒತ್ತಿ ಜೋರು ದನಿಗೆ ಹಾಕಿ ಕಲ್ಲಿನ ಮೇಲಿಟ್ಟಳು.

"ನಾನು ಟಾಕೋರಾಡಿಯಿಂದ ಮಾತಾಡೋದು," ಎಂದಿತು ಒಂದು ದನಿ, ಬಾಯಿಗೆ ಬಟ್ಟೆ ಒತ್ತಿಕೊಂಡಂತೆ. "ಹೆಸರು ಹೇಳ್ಬೇಕಾ?"

"ಬೇಡ. ಕೇಳಿ."

ಆಗಲೇ ಅಮಿಸ್ಸಾನ ಮನೆಯ ಪಕ್ಕದ ಜೋಳದ ಗಿರಣಿ ಶುರುವಾಯಿತು. ಎಕುವಾಳ ಒಂದು ಕಿವಿಗೆ ಅದು ಬೀದಿಯ ಕಡೆಯಿಂದ ಕೇಳಿತು, ಇನ್ನೊಂದು ಕಿವಿಗೆ ಕಲ್ಲಿನ ಮೇಲಿದ್ದ ಫೋನಿನಿಂದ. ಗಿರಣಿಯ ಬೆಲ್ಟು ಕಿರುಚಿದಾಗ ಎರಡೂ ಕಡೆ ಒಟ್ಟಿಗೇ ಕಿರುಚಿತು. ಅವಳು ಬಾಯಿ ತೆರೆದಳು. ಎಬೊ ಎಣ್ಣೆಗೈಯನ್ನೇ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದ.

"ಒಬ್ಬಳು ಮಗಳಿದ್ದಾಳೆ," ಎಂದಿತು ದನಿ. "ಗಂಡ ಬಿಟ್ಟಿದ್ದಾನೆ. ಕಾಲು ಸರಿಯಿಲ್ಲ ಅವಳಿಗೆ. ಅವಳ ಹೆಸರು ಬರೆಸಬಹುದಾ?"

"ಬರೆಸಬಹುದು, ಹಿರಿಯರೇ."

"ಅಕ್ಕನ ಮಕ್ಕಳಿಗೆ ಗೊತ್ತಾಗತ್ತಾ?"

ಎಬೊ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟ. ಅಮಿಸ್ಸಾ ಕಣ್ಣು ಮುಚ್ಚಿದರೆ ಅವನದೆಲ್ಲ ಬರಬೇಕಾದ ಅಕ್ಕನ ಮಕ್ಕಳಲ್ಲಿ ಹಿರಿಯವನು ಎಬೊನೇ.

"ಯಾರ ಬಾಯಿಂದಲೂ ಗೊತ್ತಾಗಲ್ಲ," ಎಂದ. "ಇದು ನಿಮ್ಮ ಸ್ವಂತ ದುಡ್ಡು, ಕುಲದ ಮನೆ ಜಮೀನು ಇದಕ್ಕೆ ಸೇರಲ್ಲ. ನಿಮ್ಮ ವಯಸ್ಸಿಗೆ ಕಂತು ಸ್ವಲ್ಪ ಜಾಸ್ತಿ. ಎದೆಯ ಕೆಮ್ಮು ಇದ್ರೆ ಬಚ್ಚಿಡಬೇಡಿ, ಬರೆಸಿ. ಆಮೇಲೆ, ನನ್ನ ಹತ್ರ ಬರೋದು ಬೇಡ. ಟಾಕೋರಾಡಿ ದೂರ. ಮಾಂಕೆಸಿಮ್‌ನಲ್ಲಿ ಒಬ್ಬಳು ಏಜೆಂಟ್ ಇದ್ದಾಳೆ, ಒಳ್ಳೆಯೋಳು. ನಂಬರು ಕೊಡ್ತೀನಿ. ನನ್ನ ಹೆಸರೂ ಹೇಳ್ಬೇಡಿ."

ಆ ಕಡೆ ಕೆಮ್ಮು ಬಂತು, ಬಹಳ ಹೊತ್ತು ಬಂತು. ಆಮೇಲೆ ಗಿರಣಿಯ ಸದ್ದಷ್ಟೇ.

"ದೇವರು ಒಳ್ಳೇದು ಮಾಡ್ಲಿ," ಎಂದಿತು ದನಿ, ಈಗ ಬಟ್ಟೆಯಿಲ್ಲದೆ.

ಫೋನು ನಿಂತ ಮೇಲೆ ಎಕುವಾ ತಡೆಯಲಾರದೆ ಹೇಳಿದಳು: "ಹುಚ್ಚಪ್ಪಾ, ಗಿರಾಕೀನೂ ಬಿಟ್ಕೊಟ್ಟೆ, ಮಾವನ ಜುಟ್ಟೂ ಬಿಟ್ಕೊಟ್ಟೆ! ಈಸ್ಟರ್ ಸಭೇಲಿ ಎದ್ದು ನಿಂತು ಒಂದ್ಮಾತು ಅಂದಿದ್ರೆ ಮುಗೀತಿತ್ತು!"

"ಏನಂತ ಅನ್ಲಿ ಮಾಮೆ? ಅವರು ಯಾರೋ ಟಾಕೋರಾಡಿಯೋರು." ಅವನು ಮತ್ತೆ ಮುಳ್ಳು ಬಿಡಿಸತೊಡಗಿದ. "ನೀನೂ ಅನ್ನಬಾರ್ದು."

ಊರಿನ ಗಂಟಲೆಂದು ಹೆಸರಾದ ಎಕುವಾ ಆ ಒಂದು ಮಾತನ್ನು ನುಂಗಿಕೊಂಡದ್ದು ಅವನ ಮುಖ ನೋಡಿ. ಅಡ್ವೊವಾಳಿಗೂ ಹೇಳಲಿಲ್ಲ. ಅಮಿಸ್ಸಾ ಮಣ್ಣಾಗುವವರೆಗೂ ಹೇಳಲಿಲ್ಲ.

ಈಸ್ಟರ್ ಶನಿವಾರ ಕುಲವೆಲ್ಲ ಸೇರಿತು. ಕುಲದ ಹೊರಗಿನವಳಾದ ಎಕುವಾ ಗೇಟಿನ ಹತ್ತಿರ ಮೀನಿನ ಬುಟ್ಟಿ ಇಟ್ಟುಕೊಂಡು, ಮಾರುವ ನೆಪದಲ್ಲಿ ಕಿವಿಯಾಗಿ ಕೂತಳು. ಇಗರ್ಜಿಯ ಚಂದಾ, ಮನೆಯ ಸೂರು, ಯಾರದೋ ಮದುವೆ, ಎಲ್ಲ ಮುಗಿಯಿತು. ಎಬೊ ತಾನಾಗಿ ಎದ್ದು ನಿಂತ.

"ವೋಫಾ, ನಾನು ಅದನ್ನ ತೆಗೆಸಲಿಲ್ಲ."

ಅಮಿಸ್ಸಾ ಊರುಗೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದ. ಪಕ್ಕದ ಬೆಂಚಿನಲ್ಲಿ ಅವನ ಮಗಳು ಕುಂಟುಕಾಲು ಚಾಚಿಕೊಂಡು ಕಡಲೇಕಾಯಿ ಬಿಡಿಸುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ, ಎಬೊನ ಕಡೆಯೂ ನೋಡಲಿಲ್ಲ. ಗೇಟಿನ ಕಡೆ ನೋಡಿದ.

"ಆ ಹೆಂಗಸಿನ ದನಿ ಸ್ವಲ್ಪ ಕಡಿಮೆ ಮಾಡ್ಸು," ಎಂದ. "ಮುದುಕರಿಗೆ ಕಿವಿನೋವು ಬರತ್ತೆ. ಕೂತ್ಕೋ. ಊಟ ಬಡಿಸಿ."

ಅಷ್ಟೆ. ಎಬೊ ಕೂತ. ಆಮೇಲೆ ತಟ್ಟೆ ಬಂದಾಗ ಎರಡು ಸಲ ಬಡಿಸಿಕೊಂಡು ತಿಂದದ್ದನ್ನು ಎಕುವಾ ಗೇಟಿನಿಂದಲೇ ನೋಡಿದಳು.

ಮುಂದೆ ಬಹಳ ವರ್ಷ ಆ ವೆಬ್‌ಸೈಟು ಹಾಗೇ ನಡೆಯಿತು. ಅಮಿಸ್ಸಾ ಹೋದಾಗ ಮುಂದೆ ನಿಂತು ಮಣ್ಣು ಮಾಡಿಸಿದವನು ಎಬೊ. ಕುಂಟುಕಾಲಿನ ಮಗಳು ಆಮೇಲೆ ಗಿರಣಿಯ ಪಕ್ಕದಲ್ಲಿ ಒಂದು ಅಂಗಡಿ ಇಟ್ಟಳು. ಬಂಡವಾಳ ಎಲ್ಲಿಂದ ಬಂತೆಂದು ಊರು ಗುಸುಗುಸು ಮಾಡಿದಾಗ, ಎಬೊ ಅದೇ ಅಂಗಡಿಯಲ್ಲಿ ಸೋಪು ಕೊಳ್ಳುತ್ತ ಮಳೆಯ ಮಾತಾಡುತ್ತಿದ್ದ. ಅರಾಬಾ ಕೆಲಸ ಕಲಿತು ಪರೀಕ್ಷೆ ಕಟ್ಟಿ ಲೈಸೆನ್ಸು ತೆಗೆದುಕೊಂಡಳು.

ಎಬೊನಿಗೆ ಹೊಟ್ಟೆಯ ಕಾಯಿಲೆ ಬಂದದ್ದು ಮೀನಿನ ಸುಗ್ಗಿಯ ಕಾಲದಲ್ಲಿ. ಕೇಪ್ ಕೋಸ್ಟಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಎಕುವಾ ಬೆಳಿಗ್ಗೆ ಮೆಣಸಿನ ತಿಳಿಸಾರು ಹೊತ್ತು ಗುಡ್ಡ ಹತ್ತಿದಳು. ಕಾಲು ಮೊದಲಿನಂತಿರಲಿಲ್ಲ, ಎರಡು ಕಡೆ ಕೂತು ಎದ್ದಳು. ಅವನು ಮಾವಿನ ಮರದ ಕೆಳಗೆ ಮಂಚದ ಮೇಲೆ ಮಲಗಿದ್ದ. ಪಕ್ಕದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅರಾಬಾ ಅದನ್ನೆತ್ತಿಕೊಂಡು, "ಇದ್ದಾರೆ, ಇನ್ನೂ ಇದ್ದಾರೆ, ಹೇಳಿ," ಎನ್ನುತ್ತ ಆಚೆ ಹೋದಳು.

ಎರಡು ಚಮಚ ಸಾರು ಕುಡಿದು ಸಾಕೆಂದ.

"ಮಾಮೆ, ಜನ ಬರ್ತಾರೆ ಇನ್ನು."

"ಬರಲಿ ಬಿಡು. ಈ ಊರೋರು ಮೊದ್ಲು ಫೋನು ಮಾಡಿ ನೋಡ್ತಾರೆ, ಆಮೇಲೆ ಬರ್ತಾರೆ. ಅಡ್ವೊವಾ ಅಂತೂ ಗೋಡೆ ಆಚೇನೇ ನಿಂತಿರ್ತಾಳೆ."

ಅವನಿಗೆ ನಗು ಬಂತು. ನಕ್ಕರೆ ನೋವು, ಅದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವಳ ಮಣಿಕಟ್ಟು ಹಿಡಿದ. ಬೆರಳುಗಳು ಹಗುರವಾಗಿದ್ದವು.

"ಕುಲದೋರು ಬರ್ತಾರೆ, ಮಣ್ಣು ಮಾಡ್ತಾರೆ. ಅಮ್ಮನ ಪಕ್ಕ ಜಾಗ ಇದೆ. ಅದಕ್ಕೆ ನಂಗೆ ಭಯ ಇಲ್ಲ. ಅರಾಬಾ ಅವತ್ತು ಅಳ್ತಾ ಇರ್ತಾಳೆ, ಅವಳ ಕೈಲಾಗಲ್ಲ. ನೀನು ಕೂಗೋದು ಸ್ವಲ್ಪ ತಡ ಆದ್ರೂ ಪರವಾಗಿಲ್ಲ ಮಾಮೆ. ಮೊದ್ಲು ಈ ಮನೆಯೋಳಾಗಿ ಒಳಗಿಂದ ನೀನೇ ಬಾ. ಬಂದೋರಿಗೆಲ್ಲ ನಿನ್ನ ಕೈಯಿಂದ ನೀರು ಕೊಡು. ಕೊಟ್ಟು, ಯಾಕೆ ಬಂದ್ರಿ ಅಂತ ಕೇಳು."